ಹಳೆ ಕಂಪ್ಯೂಟರಿನ ಕನ್ನಡ ಹೊಸ ಯಂತ್ರಕ್ಕೆ ದಾಟೋದು ಹೇಗೆ?



ಒಂದು ಪೆನ್ ಡ್ರೈವ್ ತಗೊಳ್ಳಿ. ಶಾಲೆಯ ಆಫೀಸಿನಲ್ಲೋ ಊರಿನ ಡಿಟಿಪಿ ಅಂಗಡಿಯಲ್ಲೋ ಇರುವ ಹಳೆಯ ಕಂಪ್ಯೂಟರಿನಿಂದ ಹದಿನೈದು ವರ್ಷದ ಹಿಂದಿನ ಒಂದು ಕನ್ನಡ ಫೈಲನ್ನು ಅದರಲ್ಲಿ ಹಾಕಿಕೊಳ್ಳಿ. ಪ್ರಶ್ನೆಪತ್ರಿಕೆ, ವಾರ್ಷಿಕೋತ್ಸವದ ವರದಿ, ಯಾವುದಾದರೂ ಆದೀತು. ಈಗ ಅದನ್ನು ಮೇಷ್ಟ್ರ ಫೋನಿನಲ್ಲಿ ತೆರೆದು ನೋಡ್ರಿ. 'ಕನ್ನಡ' ಅಂತ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ 'ಪಿ', ತಲೆಯ ಮೇಲೆ ಗೆರೆ ಎಳೆದ 'ಎ', ಪೌಂಡ್ ಹಣದ ಗುರುತು, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ 'ಕ್ಯೂ' ಕಾಣಿಸಿದರೆ ಬೆಚ್ಚಬೇಡಿ. "ಇದೇನ್ ಅದ ರೀ ಸರ್, ಫೈಲ್ ಕೆಟ್ಟೋಗ್ಯದ" ಅಂತ ಅಳಿಸಿ ಹಾಕಲೂ ಬೇಡಿ. ಆ ಫೈಲ್ ಕೆಟ್ಟಿಲ್ಲ. ಅದನ್ನು ಓದುವ ಪಟ್ಟಿ ಬದಲಾಗಿದೆ, ಅಷ್ಟೇ.

ಹಳೆ ಪಟ್ಟಿಯಿಂದ ಹೊಸ ಪಟ್ಟಿಗೆ ದಾಟಿಸುವ ತಂತ್ರಾಂಶಕ್ಕೆ ಪರಿವರ್ತಕ ಅನ್ನುತ್ತೇವೆ. ಇಂಥವು ಹಲವಾರು ಇವೆ. ಯಾವುದನ್ನು ಆರಿಸಬೇಕು, ಆರಿಸುವ ಮುಂಚೆ ಏನು ಪರೀಕ್ಷೆ ಮಾಡಬೇಕು ಅನ್ನೋದು ಈ ಲೇಖನದ ವಿಷಯ.

ಸಿರ್ಗಾಪುರ, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಕಡೆಯ ನಮಗೆ ಇದು ಬರೀ ಕಂಪ್ಯೂಟರ್ ಪಾಠ ಅಲ್ಲ. 1956ರ ನವೆಂಬರ್ 1ಕ್ಕೆ ಮೊದಲು ಜಹೀರಾಬಾದ್, ನಾರಾಯಣಖೇಡಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಗೆರೆ ಸರಿಯಿತು, ಮನೆಮಾತು ಅಲ್ಲೇ ಉಳಿಯಿತು. ಕನ್ನಡ ಮಾಧ್ಯಮದ ಗೈಡು, ಪ್ರಶ್ನೆಪತ್ರಿಕೆ ನಮ್ಮ ಪೇಟೆಯ ಅಂಗಡಿಯಲ್ಲಿ ಸುಲಭಕ್ಕೆ ಸಿಗೋದಿಲ್ಲ. ಹಾಗಾಗಿ ನಿಮ್ಮ ಮೇಷ್ಟ್ರೋ ಅವರಿಗಿಂತ ಹಿಂದಿನ ಮೇಷ್ಟ್ರೋ ಟೈಪ್ ಮಾಡಿಟ್ಟ ಒಂದೊಂದು ಪುಟವೂ ನಮಗೆ ಆಸ್ತಿ. ಆ ಆಸ್ತಿ ಹಳೆ ಹಾರ್ಡ್ ಡಿಸ್ಕಿನಲ್ಲಿ ಕೂತಿದೆ. ಹಾರ್ಡ್ ಡಿಸ್ಕಿಗೆ ಆಯುಷ್ಯ ಇದೆ.

ಮೊದಲು ರೋಗ ಯಾವುದು ಅಂತ ತಿಳಿಯಿರಿ

ಕನ್ನಡ ಫೈಲ್ ಸರಿಯಾಗಿ ಕಾಣದೆ ಇದ್ದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ ಇರುತ್ತದೆ. ಮೂರಕ್ಕೂ ಮದ್ದು ಬೇರೆ ಬೇರೆ.

ಒಂದು: ಖಾಲಿ ಚೌಕಗಳು ಕಾಣುತ್ತವೆ. ಅಂದ್ರೆ ಅಕ್ಷರಗಳು ಒಳಗೆ ಸುರಕ್ಷಿತವಾಗಿವೆ, ತೋರಿಸೋಕೆ ಬೇಕಾದ ಫಾಂಟ್ ಆ ಯಂತ್ರದಲ್ಲಿ ಇಲ್ಲ. ಫಾಂಟ್ ಹಾಕಿದರೆ ಸಾಕು, ಪರಿವರ್ತಕ ಬೇಕಿಲ್ಲ.

ಎರಡು: ಮೇಲೆ ಹೇಳಿದ ಹಾಗೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಇದು ಹಳೆ ಪಟ್ಟಿಯ ಫೈಲ್. ಇದಕ್ಕೇ ಪರಿವರ್ತಕ ಬೇಕು.

ಮೂರು: ಸಾಲು ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆ, ????? ಅಂತ. ಇದು ಕೆಟ್ಟ ಸುದ್ದಿ. ಯಾರೋ ಹೊಸ ಬಗೆಯ ಕನ್ನಡವನ್ನು ಹಳೆ ನೋಟ್‌ಪ್ಯಾಡಿನಲ್ಲಿ 'ಆನ್ಸಿ' ಎಂಬ ಆಯ್ಕೆಯಲ್ಲಿ ಉಳಿಸಿರುತ್ತಾರೆ. ಆ ಆಯ್ಕೆಗೆ ಕನ್ನಡ ಗೊತ್ತಿಲ್ಲ, ಗೊತ್ತಿಲ್ಲದ ಪ್ರತಿ ಅಕ್ಷರಕ್ಕೂ ಅದು ಒಂದು ಪ್ರಶ್ನಾರ್ಥಕ ಬರೆದುಬಿಡುತ್ತದೆ. ಮೂಲ ಅಕ್ಷರ ಹೋಯಿತು. ಯಾವ ಪರಿವರ್ತಕವೂ ಅದನ್ನು ವಾಪಸ್ ತರಲಾರದು. ಅದಕ್ಕೇ ಏನು ಮಾಡುವುದಕ್ಕೂ ಮುಂಚೆ ಫೈಲಿನ ಒಂದು ನಕಲು ಬೇರೆ ಕಡೆ ಇಡಬೇಕು. ಕೆಲಸ ಮಾಡೋದು ನಕಲಿನ ಮೇಲೆ, ಮೂಲದ ಮೇಲಲ್ಲ.

ಕಂಪ್ಯೂಟರಿಗೆ ಅಕ್ಷರ ಬರೋದಿಲ್ಲ, ಅಂಕಿ ಬರ್ತದೆ

ಕಂಪ್ಯೂಟರಿನೊಳಗೆ 'ಕ' ಅನ್ನೋ ಅಕ್ಷರ ಎಲ್ಲೂ ಇಲ್ಲ. ಇರೋದು ಒಂದು ಸಂಖ್ಯೆ. ಯಾವ ಸಂಖ್ಯೆಗೆ ಯಾವ ಅಕ್ಷರ ಅಂತ ಒಂದು ಪಟ್ಟಿ ಇರುತ್ತದೆ. 1963ರಲ್ಲಿ ಅಮೆರಿಕದಲ್ಲಿ ಬಂದ ಆಸ್ಕಿ ಪಟ್ಟಿಯಲ್ಲಿ 128 ಜಾಗಗಳಿದ್ದವು. ಅವು ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಮತ್ತು ಕೆಲವು ಯಂತ್ರ ಸೂಚನೆಗಳಿಗೇ ಸರಿಹೋದವು. ಮುಂದೆ ಒಂದು ಬೈಟಿನಲ್ಲಿ ಹಿಡಿಯುವ 256 ಜಾಗಗಳನ್ನೂ ಬಳಸತೊಡಗಿದರು, ಉಳಿದ 128ರಲ್ಲಿ ಯುರೋಪಿನ ಭಾಷೆಗಳ ಅಕ್ಷರಗಳು ಬಂದು ಕೂತವು.

ಕನ್ನಡಕ್ಕೆ ಜಾಗ ಇರಲಿಲ್ಲ. ಆಗ ನಮ್ಮವರು ಒಂದು ಜಾಣ ಉಪಾಯ ಮಾಡಿದರು. ಸಂಖ್ಯೆ ಹಾಗೇ ಇರಲಿ, ಚಿತ್ರ ಮಾತ್ರ ಬದಲಾಯಿಸೋಣ ಅಂತ. ಇಂಗ್ಲಿಷಿನ ದೊಡ್ಡ 'ಪಿ' ಇರುವ 80ನೇ ಜಾಗದಲ್ಲಿ 'ಕ' ಅಕ್ಷರದ ತಲೆಕಟ್ಟಿಲ್ಲದ ಒಡಲನ್ನು ಬರೆದರು. ಗೆರೆ ಎಳೆದ 'ಎ' ಇರುವ 192ನೇ ಜಾಗದಲ್ಲಿ ತಲೆಕಟ್ಟು. ಎರಡನ್ನೂ ಒಂದರ ಪಕ್ಕ ಒಂದು ಇಟ್ಟರೆ ಕಣ್ಣಿಗೆ 'ಕ' ಕಾಣುತ್ತದೆ. ನುಡಿ ಫಾಂಟಿನಲ್ಲಿ 'ಕನ್ನಡ' ಎಂಬ ಪದ ಹೀಗೆ ಇರುತ್ತದೆ: 80, 192, 163, 192, 223, 113, 192. ಒಟ್ಟು ಏಳು ತುಂಡು. ನುಡಿ ಫಾಂಟ್ ಇದ್ದರೆ ಇದು ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ.

ಇದನ್ನು ಕಡಿಮೆ ಮಾಡಿ ನೋಡಬೇಡಿ. ಕನ್ನಡಕ್ಕೆ ದಾರಿಯೇ ಇಲ್ಲದ ಕಾಲದಲ್ಲಿ ಈ ಉಪಾಯದಿಂದಲೇ ಪತ್ರಿಕೆ, ಪುಸ್ತಕ, ಸರಕಾರಿ ಕಾಗದ ಎಲ್ಲ ಅಚ್ಚಾದವು. ಕೆ.ಪಿ. ರಾವ್ ಅವರು ಕನ್ನಡ ಉಚ್ಚಾರಕ್ಕೆ ಹೊಂದುವ ಕೀಲಿಮಣೆ ವಿನ್ಯಾಸ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರಕಾರಕ್ಕಾಗಿ 'ನುಡಿ' ರೂಪಿಸಿತು. ಇವಲ್ಲದೆ ಶ್ರೀಲಿಪಿ, ಆಕೃತಿ ಮುಂತಾದವೂ ಇದ್ದವು.

ತೊಂದರೆ ಎಲ್ಲಿ ಬಂತು? ಒಬ್ಬೊಬ್ಬರ ಪಟ್ಟಿ ಒಂದೊಂದು ಬಗೆ. ಶ್ರೀಲಿಪಿಯಲ್ಲಿ ಟೈಪ್ ಮಾಡಿದ್ದು ನುಡಿ ಇರುವ ಯಂತ್ರದಲ್ಲಿ ಓದಲು ಬರೋದಿಲ್ಲ. ಪಕ್ಕದ ತೆಲುಗಿನಲ್ಲೂ ಇದೇ ಕಥೆ, ಅಲ್ಲಿ ಡಿಟಿಪಿ ಅಂಗಡಿಗಳಲ್ಲಿ 'ಅನು' ಫಾಂಟುಗಳು ಬೇರೂರಿವೆ. ಗಡಿಯ ಒಂದು ಅಂಗಡಿಯಲ್ಲಿ ಎರಡು ಭಾಷೆ, ಮೂರು ನಾಲ್ಕು ಪಟ್ಟಿ ಇರೋದು ಹೊಸದೇನಲ್ಲ.

ಯೂನಿಕೋಡ್ ಈ ಗೊಂದಲಕ್ಕೆ ಬಂದ ಪರಿಹಾರ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತು. ಅಲ್ಲಿ 'ಕ' ಅಕ್ಷರದ ಸಂಖ್ಯೆ 3221. ಅದು ಪ್ರಪಂಚದ ಯಾವ ಯಂತ್ರದಲ್ಲೂ 'ಕ'ನೇ. 'ಕನ್ನಡ' ಎಂಬ ಪದ ಯೂನಿಕೋಡಿನಲ್ಲಿ 3221, 3240, 3277, 3240, 3233. ಐದೇ ಸಂಖ್ಯೆ. ಕ, ನ, ವಿರಾಮ, ನ, ಡ. ನೋಡಿದಿರಾ? ನೀವು ಒಂದನೇ ತರಗತಿಯಲ್ಲಿ ಕಾಗುಣಿತ ಕಲಿತ ಕ್ರಮವೇ ಇದು. ಹಳೆ ಪಟ್ಟಿ ಕಣ್ಣಿಗೆ ಕಂಡ ತುಂಡುಗಳನ್ನು ಬರೆದಿಡುತ್ತಿತ್ತು, ಯೂನಿಕೋಡ್ ಬಾಯಲ್ಲಿ ಹೇಳಿದ ಅಕ್ಷರಗಳನ್ನು ಬರೆದಿಡುತ್ತದೆ.

ಪರಿವರ್ತಕದ ಹೊಟ್ಟೆಯೊಳಗೆ

ಹಂಗಾದ್ರೆ ಪರಿವರ್ತಕ ಬರೆಯೋದು ಸುಲಭ ಅಲ್ವಾ? ಎಡಗಡೆ ಹಳೆ ಸಂಖ್ಯೆ, ಬಲಗಡೆ ಹೊಸ ಸಂಖ್ಯೆ ಬರೆದುಕೊಂಡು ಒಂದೊಂದಾಗಿ ಬದಲಾಯಿಸಿದರೆ ಆಯ್ತು? ಅಷ್ಟೇ ಮಾಡಿದ ಪರಿವರ್ತಕಗಳೂ ಇವೆ. ಅವು ಎಲ್ಲಿ ಎಡವುತ್ತವೆ ನೋಡಿ.

ಮೊದಲ ಎಡವಟ್ಟು 'ಮ' ಅಕ್ಷರದಲ್ಲಿ. ಕನ್ನಡದ 'ಮ' ಬರೆದು ನೋಡಿ. 'ವ' ಬರೆದು ಪಕ್ಕದಲ್ಲಿ ಕೊಂಬಿನಂಥ ಬಾಲ ಎಳೆದ ಹಾಗೆ ಇದೆ, ಹೌದಲ್ಲ? ನುಡಿ ಮಾಡಿದವರು ಜಾಗ ಉಳಿಸಲು ಇದನ್ನೇ ಬಳಸಿದರು. 'ಮ'ಕ್ಕೆ ಬೇರೆ ಚಿತ್ರ ಇಡದೆ 'ವ' ತುಂಡು, ತಲೆಕಟ್ಟು, ಬಾಲ ಎಂದು ಮೂರು ಸಂಖ್ಯೆ ಜೋಡಿಸಿದರು. ದಡ್ಡ ಪರಿವರ್ತಕ ಇದನ್ನು 'ವು' ಅಂತ ಓದುತ್ತದೆ. 'ಮತ್ತು' ಎಂಬುದು 'ವುತ್ತು' ಆಗುತ್ತದೆ. 'ಯ' ಅಕ್ಷರದಲ್ಲೂ ಹೀಗೇ. ಅದು ನಾಲ್ಕು ತುಂಡು, ಅದರಲ್ಲಿ ಮೊದಲ ತುಂಡು ಅನುಸ್ವಾರದ ಸೊನ್ನೆ. ಹಳೆ ಬರಹಗಳನ್ನು ಅವಸರದಲ್ಲಿ ಬದಲಾಯಿಸಿದ ಕಡೆ 'ಯ' ಇರಬೇಕಾದಲ್ಲಿ ಒಂದು ಸೊನ್ನೆ, ಪಕ್ಕದಲ್ಲಿ ಇಂಗ್ಲಿಷಿನ ಸಣ್ಣ 'ಐ' ಕೂತಿರೋದು ಇದಕ್ಕೇ.

ಇದಕ್ಕೆ ಮದ್ದು: ಉದ್ದದ ಜೋಡಣೆಯನ್ನು ಮೊದಲು ಹುಡುಕಬೇಕು, ಗಿಡ್ಡದ್ದನ್ನು ಆಮೇಲೆ. ನಾಲ್ಕು ತುಂಡಿನ 'ಯ' ಸಿಕ್ಕಿತಾ? ಬದಲಾಯಿಸು. ಇಲ್ಲವಾ? ಮೂರು ತುಂಡಿನ 'ಮ' ನೋಡು. ಅದೂ ಇಲ್ಲದಿದ್ದರೆ ಎರಡು, ಕೊನೆಗೆ ಒಂದು. ಗಣಿತದಲ್ಲಿ ಆವರಣ ಮೊದಲು, ಗುಣಾಕಾರ ಆಮೇಲೆ, ಸಂಕಲನ ಕೊನೆಗೆ ಅಂತೀವಲ್ಲ, ಹಾಗೆ ಇಲ್ಲೂ ಕ್ರಮವೇ ಜೀವ.

ಎರಡನೆಯ ಎಡವಟ್ಟು ಅರ್ಕಾವತ್ತಿನದು. 'ಕರ್ನಾಟಕ' ಬರೆಯುವಾಗ ಅರ್ಕಾವತ್ತನ್ನು 'ನಾ' ಆದಮೇಲೆ ಹಾಕುತ್ತೀರಿ. ಹಳೆ ಪಟ್ಟಿಯೂ ಹಾಗೇ ಇಡುತ್ತದೆ: ಕ, ನಾ, ಅರ್ಕಾವತ್ತು, ಟ, ಕ. ಆದರೆ ಬಾಯಲ್ಲಿ ಹೇಳುವಾಗ 'ರ್' ಮೊದಲು ಬರುತ್ತದೆ, 'ನಾ' ಆಮೇಲೆ. ಯೂನಿಕೋಡ್ ಬಾಯಿಯ ಕ್ರಮ ಹಿಡಿಯುತ್ತದೆ. ಪರಿವರ್ತಕ ಹಿಂದಕ್ಕೆ ಹೋಗಿ 'ರ್' ಅನ್ನು 'ನಾ'ಗಿಂತ ಮುಂಚೆ ಸೇರಿಸಬೇಕು. ಸೇರಿಸದಿದ್ದರೆ ಬರೋದು 'ಕನಾರ್ಟಕ'. 'ಸೂರ್ಯ' ಹೋಗಿ 'ಸೂಯರ್' ಆಗುತ್ತಾನೆ.

ಮೂರನೆಯದು ಒತ್ತಿನದು. 'ಪ್ರೇಮ' ಎಂಬಲ್ಲಿ ಹಳೆ ಪಟ್ಟಿಯ ಕ್ರಮ: ಪ, ಎತ್ವ, ರ ಒತ್ತು, ದೀರ್ಘದ ಗುರುತು. ಯೂನಿಕೋಡಿನ ಕ್ರಮ: ಪ, ವಿರಾಮ, ರ, ಏತ್ವ. ಸ್ವರದ ಗುರುತು ಒತ್ತನ್ನು ದಾಟಿ ಕೊನೆಗೆ ಹೋಗಬೇಕು, ಎತ್ವ ಮತ್ತು ದೀರ್ಘ ಎರಡೂ ಕೂಡಿ ಒಂದಾಗಬೇಕು.

ಹೀಗೆ ಒಳ್ಳೆಯ ಪರಿವರ್ತಕಕ್ಕೆ ಪಟ್ಟಿಯ ಜೊತೆಗೆ ಕನ್ನಡದ ಕಾಗುಣಿತವೂ ಗೊತ್ತಿರಬೇಕು.

ಆರಿಸುವ ಮುಂಚೆ ಕೇಳಬೇಕಾದ ಐದು ಪ್ರಶ್ನೆ

1. ನನ್ನ ಫೈಲ್ ಯಾವ ಪಟ್ಟಿಯದು, ಈ ಪರಿವರ್ತಕಕ್ಕೆ ಆ ಪಟ್ಟಿ ಬರ್ತದಾ? ಹಳೆ ಯಂತ್ರದಲ್ಲೇ ಫೈಲ್ ತೆರೆದು ಪಠ್ಯವನ್ನು ಆಯ್ಕೆ ಮಾಡಿ, ಮೇಲಿನ ಪಟ್ಟಿಯಲ್ಲಿ ಫಾಂಟಿನ ಹೆಸರು ನೋಡಿ ಬರೆದುಕೊಳ್ಳಿ. ನುಡಿ, ಬರಹ ಫಾಂಟುಗಳಿಗೆ ಒಂದೇ ಪರಿವರ್ತಕ ಸಾಮಾನ್ಯವಾಗಿ ಸಾಕಾಗುತ್ತದೆ. ಶ್ರೀಲಿಪಿ, ಆಕೃತಿ ಆದರೆ ಅವುಗಳ ಪಟ್ಟಿ ಇರುವ ಪರಿವರ್ತಕವೇ ಬೇಕು.

2. ಇದು ಫಾಂಟ್ ನೋಡಿ ಬದಲಾಯಿಸುತ್ತದೋ, ಸಿಕ್ಕಿದ್ದೆಲ್ಲ ಬದಲಾಯಿಸುತ್ತದೋ? ವಿಜ್ಞಾನದ ಪ್ರಶ್ನೆಪತ್ರಿಕೆಗೆ ಇದು ಬಹಳ ಮುಖ್ಯ. ಡಿಗ್ರಿ ಗುರುತು ° ಇರುವ 176ನೇ ಜಾಗದಲ್ಲಿ ನುಡಿ 'ಲಿ' ಇಟ್ಟಿದೆ. ವರ್ಗದ ² ಇರುವಲ್ಲಿ 'ಶಿ', ಅರ್ಧದ ½ ಇರುವಲ್ಲಿ 'ಳಿ', ಇಂಗ್ಲಿಷಿನ ದೊಡ್ಡ 'ಸಿ' ಇರುವಲ್ಲಿ 'ಅ'. ಪ್ರಶ್ನೆಪತ್ರಿಕೆಯಲ್ಲಿ 37 ಡಿಗ್ರಿ ಸೆಲ್ಸಿಯಸ್ ಅನ್ನು ಇಂಗ್ಲಿಷ್ ಫಾಂಟಿನಲ್ಲಿ ಚಿಹ್ನೆಯಾಗಿ ಬರೆದಿದ್ದರೆ, ಫಾಂಟ್ ನೋಡದ ಪರಿವರ್ತಕ ಅದನ್ನು '37ಲಿಅ' ಮಾಡಿಬಿಡುತ್ತದೆ. ಅರ್ಧ ಲೀಟರು 'ಳಿ ಲೀಟರು' ಆಗುತ್ತದೆ. ಬರೀ ಪಠ್ಯವನ್ನು ನಕಲಿಸಿ ಅಂಟಿಸುವ ಪರಿವರ್ತಕಕ್ಕೆ ಫಾಂಟ್ ಯಾವುದು ಅಂತ ಗೊತ್ತಾಗುವ ದಾರಿಯೇ ಇಲ್ಲ. ಇಡೀ ಫೈಲನ್ನು ತೆಗೆದುಕೊಂಡು, ಕನ್ನಡ ಫಾಂಟಿನ ಭಾಗ ಮಾತ್ರ ಬದಲಾಯಿಸುವಂಥದ್ದು ಸಿಕ್ಕರೆ ಅದೇ ಮೇಲು. ಸಿಗದಿದ್ದರೆ ಸೂತ್ರ, ಚಿಹ್ನೆ, ಇಂಗ್ಲಿಷ್ ಪದಗಳನ್ನು ಕೈಯಿಂದ ಸರಿಮಾಡಲು ಸಮಯ ಇಟ್ಟುಕೊಳ್ಳಿ.

3. ಇಂಟರ್‌ನೆಟ್ ಇಲ್ಲದೆ ನಡೀತದಾ? ಹಳ್ಳಿಯಲ್ಲಿ ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅಂಕಪಟ್ಟಿ, ಮಕ್ಕಳ ಹೆಸರು, ತಂದೆತಾಯಿಯ ಫೋನ್ ನಂಬರು, ಆಧಾರ್ ಸಂಖ್ಯೆ ಇರುವ ಫೈಲನ್ನು ಗೊತ್ತಿಲ್ಲದ ತಾಣಕ್ಕೆ ಏರಿಸಬಾರದು. ಅಂಥ ಫೈಲಿಗೆ ಯಂತ್ರದಲ್ಲೇ ಕೂತು ಕೆಲಸ ಮಾಡುವ ಪರಿವರ್ತಕ ಬೇಕು. ನುಡಿ, ಬರಹ ಎರಡರ ಜೊತೆಗೂ ಅಂಥ ಪರಿವರ್ತಕ ಬಂದಿದೆ.

4. ಅದರ ಪಟ್ಟಿ ತೆರೆದು ನೋಡಬಹುದಾ? ತಪ್ಪು ಸಿಕ್ಕರೆ ತಿದ್ದಬಹುದಾ? ಅರವಿಂದ ವಿ.ಕೆ. ಅವರು ಬರೆದ ಆಸ್ಕಿ–ಯೂನಿಕೋಡ್ ಪರಿವರ್ತಕ ಮುಕ್ತ ತಂತ್ರಾಂಶ. ಅದರ ಪಟ್ಟಿ, ಅದರ ಲೆಕ್ಕಾಚಾರ ಎಲ್ಲ ಓದಬಹುದು. ಕಂಪ್ಯೂಟರ್ ಕಲಿಯುವ ಒಂಬತ್ತನೇ, ಹತ್ತನೇ ತರಗತಿಯವರು ಅದನ್ನೊಮ್ಮೆ ಓದಿ ನೋಡ್ರಿ. ಮೇಲೆ ಹೇಳಿದ 'ಮ', 'ಯ', ಅರ್ಕಾವತ್ತಿನ ಕಥೆ ಅಲ್ಲಿ ಪ್ರೋಗ್ರಾಮಿನ ರೂಪದಲ್ಲಿ ಸಿಗುತ್ತದೆ.

5. ತಲುಪುವ ಯಂತ್ರಕ್ಕೆ ಯೂನಿಕೋಡ್ ಬರ್ತದಾ? ವಿಂಡೋಸ್ 98 ಇರುವ ಯಂತ್ರ ಕನ್ನಡ ಯೂನಿಕೋಡನ್ನು ಸರಿಯಾಗಿ ಜೋಡಿಸಿ ತೋರಿಸಲಾರದು. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಇದೆ, ಆದರೆ ಭಾಷೆಯ ಸೆಟ್ಟಿಂಗಿನಲ್ಲಿ ಸಂಕೀರ್ಣ ಲಿಪಿಗಳ ಬೆಂಬಲವನ್ನು ಹಾಕಬೇಕಾಗಬಹುದು. ಆಗದೇ ಹೋದರೆ ಓದಲು ಮಾತ್ರ ಒಂದು ಪಿಡಿಎಫ್ ಕೊಡಿ. ನೆನಪಿಡಿ, ಹಳೆ ಫಾಂಟಿನಿಂದ ಮಾಡಿದ ಪಿಡಿಎಫ್ ಕಣ್ಣಿಗೆ ಚಂದ ಕಂಡರೂ ಅದರಿಂದ ನಕಲಿಸಿದ ಪಠ್ಯ ಮತ್ತೆ ಅದೇ ಕಲಸುಮೇಲೋಗರ. ಅದರಲ್ಲಿ ಒಂದು ಕನ್ನಡ ಪದ ಹುಡುಕಿದರೂ ಸಿಗೋದಿಲ್ಲ.

ಪರೀಕ್ಷೆಗೆ ಒಂದು ಪುಟ

ಪರಿವರ್ತಕ ಮಾಡಿದವರು ಹೇಳಿದ್ದನ್ನು ನಂಬಬೇಡಿ, ಬೇಡ ಅಂತಲೂ ಅನ್ನಬೇಡಿ. ಪರೀಕ್ಷೆ ಮಾಡಿ. ಹಳೆ ಯಂತ್ರದಲ್ಲಿ ಈ ಪದಗಳನ್ನು ಟೈಪ್ ಮಾಡಿ ಉಳಿಸಿ, ಒಂದು ಪ್ರತಿ ಪ್ರಿಂಟ್ ತೆಗೆಯಿರಿ. ಆಮೇಲೆ ಪರಿವರ್ತಿಸಿ ಪಕ್ಕದಲ್ಲಿಟ್ಟು ಹೋಲಿಸಿ.

ಕರ್ನಾಟಕ, ಸೂರ್ಯ, ವರ್ಷ: ಅರ್ಕಾವತ್ತು ತನ್ನ ಜಾಗಕ್ಕೆ ಹೋಯಿತೇ?
ಮತ್ತು, ಮನೆ, ಹೂವು, ಮಾವು: 'ಮ', 'ವು' ಬೇರೆ ಬೇರೆ ಉಳಿದವೇ?
ಯಂತ್ರ, ಯೋಗ, ಸಮಯ: 'ಯ' ಒಡೆಯಿತೇ?
ಪ್ರೇಮ, ಕ್ಷೇತ್ರ, ಶ್ರೇಣಿ: ಒತ್ತು ಮತ್ತು ಸ್ವರದ ಕ್ರಮ ಸರಿ ಇದೆಯೇ?
ಸ್ವಾತಂತ್ರ್ಯ, ರಾಷ್ಟ್ರೀಯ: ಎರಡೆರಡು ಒತ್ತು ಉಳಿದವೇ?
ಕೃಷಿ, ಋತು, ದುಃಖ, ವಿಜ್ಞಾನ, ಔಷಧ: ಅಪರೂಪದ ಅಕ್ಷರಗಳು ಬಂದವೇ?
ರ‍್ಯಾಂಕ್, ಸಾಫ್ಟ್‌ವೇರ್: ಅಕ್ಷರ ಕೂಡಬಾರದ ಕಡೆ ಕೂಡಿಕೊಂಡವೇ?
37°, ½, 5², ಒಂದು ಇಂಗ್ಲಿಷ್ ಪದ, ಒಂದು ಫೋನ್ ನಂಬರು: ಮುಟ್ಟಬಾರದ್ದನ್ನು ಮುಟ್ಟಿತೇ?

ಒಂದು ಪದಕ್ಕೆ ಒಂದು ಅಂಕ ಕೊಡಿ. ಎರಡು ಪರಿವರ್ತಕಗಳಿಗೆ ಇದೇ ಪುಟ ಕೊಟ್ಟು ಅಂಕ ಹಾಕಿದರೆ ಯಾವುದು ಮೇಲು ಅಂತ ನಿಮಗೇ ಗೊತ್ತಾಗುತ್ತದೆ. ಇದು ನೀವು ಪ್ರಯೋಗಶಾಲೆಯಲ್ಲಿ ಮಾಡುವ ಕೆಲಸವೇ: ಒಂದೇ ಮಾದರಿ, ಎರಡು ವಿಧಾನ, ಫಲಿತಾಂಶದ ಹೋಲಿಕೆ. ಬರುವುದಾದರೆ ಇನ್ನೊಂದು ಪರೀಕ್ಷೆ ಮಾಡಿ: ಯೂನಿಕೋಡಿಗೆ ಹೋದದ್ದನ್ನು ಮತ್ತೆ ಹಳೆ ಪಟ್ಟಿಗೆ ತಂದು ಮೂಲದ ಜೊತೆ ಹೋಲಿಸಿ. ಹೋಗಿ ಬಂದರೂ ಬದಲಾಗದಿದ್ದರೆ ನಂಬಿಕೆ ಹೆಚ್ಚುತ್ತದೆ.

ಹೊರಗಿನ ಪೆಟ್ಟಿಗೆಯ ಮಾತು

ಅಕ್ಷರದ ಪಟ್ಟಿ ಒಂದು ಕಡೆಯಾದರೆ, ಆ ಅಕ್ಷರಗಳನ್ನು ತುಂಬಿದ ಪೆಟ್ಟಿಗೆ ಇನ್ನೊಂದು ಕಡೆ. ಹಳೆ ವರ್ಡ್ 'ಡಾಕ್' ಎಂಬ ಬಾಲ ಇರುವ ಫೈಲ್ ಮಾಡುತ್ತಿತ್ತು. 2007ರ ವರ್ಡ್‌ನಿಂದ 'ಡಾಕ್ಸ್' ಬಂತು. ಹೊಸದು ಹಳೆಯದನ್ನು ಓದುತ್ತದೆ, ಹಳೆಯದಕ್ಕೆ ಹೊಸದು ಹಾಗೆಯೇ ಓದಲು ಬರೋದಿಲ್ಲ. ಡಿಟಿಪಿ ಅಂಗಡಿಯ ಬಹಳಷ್ಟು ಫೈಲುಗಳು ಪೇಜ್‌ಮೇಕರಿನವು. ಅದರ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ.

ಹಣ ಕೊಡದೆ ಸಿಗುವ ಲಿಬ್ರೆ ಆಫೀಸ್ ಇಲ್ಲಿ ಉಪಕಾರಕ್ಕೆ ಬರುತ್ತದೆ. ಅದು ಡಾಕ್, ಡಾಕ್ಸ್ ಎರಡನ್ನೂ ತೆರೆಯುತ್ತದೆ. 4.4ನೇ ಆವೃತ್ತಿಯಿಂದ ಪೇಜ್‌ಮೇಕರ್ ಫೈಲನ್ನೂ ತೆರೆಯಬಲ್ಲದು. ಆದರೆ ಗಮನಿಸಿ, ಅದು ಪೆಟ್ಟಿಗೆಯನ್ನು ಮಾತ್ರ ಬದಲಾಯಿಸುತ್ತದೆ. ಒಳಗಿನ ಅಕ್ಷರ ನುಡಿಯದಾಗಿದ್ದರೆ ನುಡಿಯದಾಗಿಯೇ ಇರುತ್ತದೆ. ಪೆಟ್ಟಿಗೆ ಮೊದಲು, ಅಕ್ಷರ ಆಮೇಲೆ, ಎರಡು ಹಂತದ ಕೆಲಸ ಇದು.

ಪ್ರೋಗ್ರಾಮ್ ಹಂಚಿಕೊಳ್ಳುವಾಗ

ನೀವೇ ಬರೆದ ಪ್ರೋಗ್ರಾಮುಗಳಿಗೂ ಇದೇ ನಿಯಮ. ಸ್ಕ್ರ್ಯಾಚ್ ಗೊತ್ತಲ್ಲ? ಕೇರಳದ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಕ್ಕಳೂ ಸೇರಿ, ಲಿನಕ್ಸ್ ಯಂತ್ರದ ಮೇಲೆ ಇದನ್ನು ಕಲಿಯುತ್ತಾರೆ. ಸ್ಕ್ರ್ಯಾಚ್ 1.4ರ ಫೈಲಿನ ಬಾಲ 'ಎಸ್‌ಬಿ', ಎರಡನೆಯದಕ್ಕೆ 'ಎಸ್‌ಬಿ2', 2019ರಲ್ಲಿ ಬಂದ ಮೂರನೆಯದಕ್ಕೆ 'ಎಸ್‌ಬಿ3'. ಮೂರನೆಯದು ಹಿಂದಿನ ಎರಡನ್ನೂ ತೆರೆಯುತ್ತದೆ. ಎರಡನೆಯದಕ್ಕೆ ಮೂರನೆಯದರ ಫೈಲ್ ಕೊಟ್ಟರೆ ತೆರೆಯೋದಿಲ್ಲ. ಹಾಗಾಗಿ ಎರಡು ಶಾಲೆಗಳು ಸೇರಿ ಒಂದು ಆಟ ಮಾಡುವುದಾದರೆ, ಇಬ್ಬರಲ್ಲಿ ಯಾರ ಯಂತ್ರ ಹಳೆಯದೋ ಅವರ ಆವೃತ್ತಿಯಲ್ಲೇ ಮಾಡಿ. ಆಗ ಪರಿವರ್ತಕವೇ ಬೇಡ. ಪರಿವರ್ತಕ ಆರಿಸುವ ಕಷ್ಟ ತಪ್ಪಿಸುವ ದಾರಿ ಸಿಕ್ಕರೆ ಅದೇ ಒಳ್ಳೆಯ ಆಯ್ಕೆ.

ಪೈಥಾನಿನಲ್ಲಿ ಇನ್ನೊಂದು ಪಾಠ ಇದೆ. ಪೈಥಾನ್ 2ರಲ್ಲಿ ಬರೆದ ಪ್ರೋಗ್ರಾಮನ್ನು ಪೈಥಾನ್ 3ಕ್ಕೆ ಬದಲಾಯಿಸಲು '2ಟು3' ಎಂಬ ಸಾಧನ ಇತ್ತು. ಮುದ್ರಿಸುವ ಆದೇಶದ ರೂಪ ಬದಲಾಗಿತ್ತು, ಅದನ್ನು ಈ ಸಾಧನ ತಾನೇ ತಿದ್ದುತ್ತಿತ್ತು. ಆದರೆ ಭಾಗಾಕಾರ? ಪೈಥಾನ್ 2ರಲ್ಲಿ 75 ಅನ್ನು 2ರಿಂದ ಭಾಗಿಸಿದರೆ 37 ಬರುತ್ತಿತ್ತು, ಪೈಥಾನ್ 3ರಲ್ಲಿ 37.5 ಬರುತ್ತದೆ. ಸಾಧನ ಇದನ್ನು ಮುಟ್ಟುವುದಿಲ್ಲ, ಯಾಕಂದ್ರೆ ಬರೆದವರ ಮನಸ್ಸಿನಲ್ಲಿ ಯಾವ ಉತ್ತರ ಇತ್ತು ಅಂತ ಅದಕ್ಕೆ ಗೊತ್ತಿಲ್ಲ. ಎರಡು ಪರೀಕ್ಷೆಯ ಸರಾಸರಿ ಅಂಕ ತೆಗೆಯುವ ಪ್ರೋಗ್ರಾಮ್ ಆಗಿದ್ದರೆ ಒಂದೇ ಹುಡುಗಿಗೆ ಹಳೆ ಯಂತ್ರದಲ್ಲಿ ಒಂದು ಅಂಕ, ಹೊಸ ಯಂತ್ರದಲ್ಲಿ ಇನ್ನೊಂದು. ಎರಡರಲ್ಲೂ ಯಾವ ದೋಷ ಸೂಚನೆಯೂ ಬರೋದಿಲ್ಲ. 'ಕನಾರ್ಟಕ' ಕಣ್ಣಿಗೆ ಹೊಡೆಯುತ್ತದೆ, ಅರ್ಧ ಅಂಕ ಹೊಡೆಯುವುದಿಲ್ಲ. ಸದ್ದಿಲ್ಲದ ತಪ್ಪೇ ದೊಡ್ಡ ತಪ್ಪು. ಪರಿವರ್ತನೆ ಆದಮೇಲೆ ಉತ್ತರ ಗೊತ್ತಿರುವ ಒಂದೆರಡು ಲೆಕ್ಕ ಕೊಟ್ಟು ನೋಡಲೇಬೇಕು.

ಹಾಗೆಯೇ, ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರದಲ್ಲಿ ಪೈಥಾನ್ 3.4ರವರೆಗೆ, ವಿಂಡೋಸ್ 7 ಇರುವಲ್ಲಿ 3.8ರವರೆಗೆ ಮಾತ್ರ ನಡೆಯುತ್ತದೆ. ಹಳೆ ಯಂತ್ರಕ್ಕೆ ಕಳಿಸುವಾಗ ಇದು ನೆನಪಿರಲಿ.

ಗಡಿಯ ಮಕ್ಕಳಿಗೆ ಒಂದು ಗುಟ್ಟು

ಕೊನೆಗೆ, ನೀವೇ ಒಂದು ಪರಿವರ್ತಕ ಬರೆಯಬಹುದು. ಹತ್ತು ಸಾಲಿನಲ್ಲಿ! ಯೂನಿಕೋಡಿನಲ್ಲಿ ತೆಲುಗಿಗೆ 3072ರಿಂದ 3199ರವರೆಗೆ ಜಾಗ, ಕನ್ನಡಕ್ಕೆ 3200ರಿಂದ 3327ರವರೆಗೆ. ಅಕ್ಕಪಕ್ಕದ ಮನೆ. ತೆಲುಗಿನ 'ಕ' 3093, ಕನ್ನಡದ 'ಕ' 3221. ಕಳೆದು ನೋಡಿ, 128. ತೆಲುಗಿನ 'ತ' 3108, ಕನ್ನಡದ 'ತ' 3236. ಮತ್ತೆ 128. 'ತಾಂಡೂರು' ಎಂಬ ಹೆಸರಿನಲ್ಲಿ ಏಳು ಸಂಖ್ಯೆಗಳಿವೆ, ಏಳಕ್ಕೂ ಅದೇ 128ರ ಅಂತರ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಕ್ರಮ ಕೊಟ್ಟ ಇಸ್ಕಿ ಎಂಬ ನಮ್ಮ ದೇಶದ ಪಟ್ಟಿಯನ್ನು ಯೂನಿಕೋಡ್ ಅನುಸರಿಸಿದ್ದರಿಂದ ಹೀಗಾಯಿತು. ತೆಲುಗು ಅಕ್ಷರ ಸಿಕ್ಕಾಗ 128 ಕೂಡಿಸಿದರೆ ಕನ್ನಡ ಲಿಪಿ ಸಿದ್ಧ.

ಎಲ್ಲಿ ಎಡವುತ್ತದೆ ಅಂತಲೂ ತಿಳಿದಿರಿ. ತೆಲುಗಿನಲ್ಲಿ 'ಚ', 'ಜ'ಗಳಿಗೆ ಇನ್ನೊಂದು ಉಚ್ಚಾರದ ಅಕ್ಷರಗಳಿವೆ, 3160 ಮತ್ತು 3161. ಅವಕ್ಕೆ 128 ಕೂಡಿಸಿದರೆ ಸಿಗುವ ಜಾಗ ಕನ್ನಡದಲ್ಲಿ ಖಾಲಿ. ಇನ್ನೂ ಮುಖ್ಯವಾದದ್ದು, ಲಿಪಿ ಬದಲಾದರೆ ಭಾಷೆ ಬದಲಾಗೋದಿಲ್ಲ. ತೆಲುಗಿನ 'ಪಾಲು' ನಿಮ್ಮ ಪ್ರೋಗ್ರಾಮಿನಿಂದ ಕನ್ನಡದ 'ಪಾಲು' ಆಗಿಯೇ ಬರುತ್ತದೆ. ತೆಲುಗಿನಲ್ಲಿ ಅದು ನಾವು ಕುಡಿಯುವ ಹಾಲು, ಕನ್ನಡದಲ್ಲಿ ಹಂಚಿಕೊಳ್ಳುವ ಭಾಗ. ಎರಡೂ ಭಾಷೆ ಬಲ್ಲ ಮನುಷ್ಯ ಮಾತ್ರ ಅದನ್ನು ಹಿಡಿಯಬಲ್ಲ. ಸಿರ್ಗಾಪುರದ ಕಡೆಯ ಮಕ್ಕಳಿಗೆ ಆ ಜಾಣ್ಮೆ ಮನೆಯಲ್ಲೂ ಸಂತೆಯಲ್ಲೂ ತಾನಾಗಿ ಬಂದಿರುತ್ತದೆ.

ಈ ತಿಂಗಳ ಕೆಲಸ

ವಿಜ್ಞಾನ ಸಂಘದಲ್ಲಿ ನಾಲ್ಕು ಮಂದಿ ಸೇರಿ. ಮೇಷ್ಟ್ರ ಒಪ್ಪಿಗೆ ಪಡೆದು ಶಾಲೆಯ ಹಳೆ ಕಂಪ್ಯೂಟರಿನಿಂದ ಹೆಸರು, ಅಂಕ ಇಲ್ಲದ ಒಂದೇ ಒಂದು ಫೈಲ್ ಆರಿಸಿಕೊಳ್ಳಿ. ಮೂಲವನ್ನು ಹಾಗೇ ಬಿಟ್ಟು ನಕಲು ಮಾಡಿ. ಒಬ್ಬರು ಫಾಂಟಿನ ಹೆಸರು ಬರೆದುಕೊಳ್ಳಲಿ, ಇಬ್ಬರು ಎರಡು ಪರಿವರ್ತಕಗಳನ್ನು ಪರೀಕ್ಷಿಸಲಿ, ನಾಲ್ಕನೆಯವರು ಪ್ರಿಂಟ್ ಹಿಡಿದು ಗಟ್ಟಿಯಾಗಿ ಓದಲಿ, ಉಳಿದವರು ಪರದೆ ನೋಡಿ ತಪ್ಪು ಹಿಡಿಯಲಿ. ಮುಗಿದ ಫೈಲಿಗೆ ವಿಷಯ, ತರಗತಿ, ವರ್ಷ ಸೇರಿಸಿ ಹೆಸರಿಡಿ. ಮೂಲವನ್ನು ಮಾತ್ರ ಅಳಿಸಬೇಡಿ, ನಾಳೆ ಇದಕ್ಕಿಂತ ಒಳ್ಳೆಯ ಪರಿವರ್ತಕ ಬಂದರೆ ಆಗ ಬೇಕಾಗುವುದು ಅದೇ.

ಒಂದು ಫೈಲ್ ಆದಮೇಲೆ ಎರಡನೆಯದು ಬೇಗ ಆಗುತ್ತದೆ. ಹತ್ತು ಫೈಲ್ ಆದಮೇಲೆ ಪಕ್ಕದೂರಿನ ಕನ್ನಡ ಶಾಲೆಗೆ ಕಳಿಸಿ. ಅವರ ಹತ್ತಿರವೂ ಒಂದು ಹಳೆ ಕಂಪ್ಯೂಟರ್ ಇದ್ದೀತು.